ಚಾರ್ಜಿಂಗ್ ಪಿನ್ ಒಂದಾಯಿತು, ದಾಸ್ತಾನಿನ ಲೆಕ್ಕ ಬದಲಾಯಿತು

ವಿದ್ಯುನ್ಮಾನ ಸಾಮಗ್ರಿಗಳ ವ್ಯಾಪಾರದಲ್ಲಿ ಮೊಬೈಲ್ ಫೋನು ಗಿರಾಕಿಯನ್ನು ಅಂಗಡಿಗೆ ಕರೆತರುವ ಸರಕಾದರೆ, ಚಾರ್ಜರ್ ಹಾಗೂ ಕೇಬಲ್‌ಗಳು ಅಂಗಡಿಯ ಬಾಡಿಗೆ, ಸಂಬಳಗಳನ್ನು ತೂಗಿಸುವ ಸರಕುಗಳಾಗಿವೆ. ಫೋನಿನ ದರವು ತಯಾರಕರ ಹಾಗೂ ಆನ್‌ಲೈನ್ ಮಾರಾಟಗಾರರ ಹಿಡಿತದಲ್ಲಿರುವುದರಿಂದ, ಸಣ್ಣ ವರ್ತಕನಿಗೆ ಲಾಭಾಂಶವನ್ನು ತಾನೇ ನಿರ್ಧರಿಸುವ ಅವಕಾಶ ಉಳಿದಿರುವುದು ಬಹುಮಟ್ಟಿಗೆ ಈ ಪೂರಕ ಸಾಮಗ್ರಿಗಳಲ್ಲಿ ಮಾತ್ರ. ಬೆಳಗಾವಿಯ ಗಣಪತ ಗಲ್ಲಿ, ಖಡೇಬಜಾರಗಳ ಮಳಿಗೆಗಳಿಗೂ, ಖಾಸಬಾಗದ ಸಣ್ಣ ಅಂಗಡಿಗಳಿಗೂ, ಖಾನಾಪುರದ ರಿಪೇರಿ ಅಂಗಡಿಗಳಿಗೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ.

ಆದರೆ ಇದೇ ಸರಕಿನಲ್ಲಿ ಕಳೆದ ಕೆಲವು ವರ್ಷಗಳಿಂದ ಮೂಲಭೂತ ಬದಲಾವಣೆಯೊಂದು ನಡೆದಿದೆ. ಹಿಂದೆ ವರ್ತಕನು ಪಿನ್ನಿನ ಆಕಾರವನ್ನು ನೋಡಿ ಮಾಲು ತುಂಬುತ್ತಿದ್ದನು. ಈಗ ಆಕಾರವು ಒಂದೇ ಆಗುತ್ತಿದ್ದು, ಸಾಮರ್ಥ್ಯವನ್ನು ನೋಡಿ ಮಾಲು ತುಂಬಬೇಕಾಗಿದೆ. ಈ ಪರಿವರ್ತನೆಯನ್ನು ಗುರುತಿಸದ ವರ್ತಕನ ಬಂಡವಾಳವು ಕಪಾಟಿನಲ್ಲಿಯೇ ಸಿಕ್ಕಿಬೀಳುವ ಸಂಭವವಿದೆ. ಆದ್ದರಿಂದ ಈ ವಿಷಯವನ್ನು ಸವಿಸ್ತಾರವಾಗಿ ಪರಿಶೀಲಿಸುವುದು ಅವಶ್ಯವಾಗಿದೆ.

ಹಲವು ಪಿನ್ನುಗಳಿಂದ ಒಂದೇ ಪಿನ್ನಿನೆಡೆಗೆ

ಮೊಬೈಲ್ ಬಳಕೆಯ ಮೊದಲ ದಶಕದಲ್ಲಿ ಪ್ರತಿಯೊಂದು ಕಂಪನಿಯೂ ತನ್ನದೇ ಆದ ಪಿನ್ ಹೊಂದಿತ್ತು. ನೋಕಿಯಾ ಫೋನುಗಳಲ್ಲಿಯೇ ದಪ್ಪ ಪಿನ್, ಸಣ್ಣ ಪಿನ್ ಎಂಬ ಎರಡು ಬಗೆಗಳಿದ್ದುದು ಹಳೆಯ ವರ್ತಕರಿಗೆ ನೆನಪಿರಬಹುದು. 2009ರಲ್ಲಿ ಯುರೋಪಿಯನ್ ಒಕ್ಕೂಟದ ಒತ್ತಾಯದಿಂದ ಪ್ರಮುಖ ತಯಾರಕರು ಮೈಕ್ರೋ ಯುಎಸ್‌ಬಿ ಪಿನ್ನನ್ನು ಸ್ವಇಚ್ಛೆಯಿಂದ ಒಪ್ಪಿಕೊಂಡರು. ನಮ್ಮ ಪೇಟೆಯಲ್ಲಿ ‘ವಿ8’ ಎಂದು ಕರೆಯಲ್ಪಡುವ ಕೇಬಲ್ ಇದೇ ಆಗಿದೆ. ಆದರೆ ಆಪಲ್ ಕಂಪನಿಯು 2012ರಲ್ಲಿ ಐಫೋನ್ 5ರೊಂದಿಗೆ ಲೈಟ್ನಿಂಗ್ ಎಂಬ ತನ್ನದೇ ಪಿನ್ನನ್ನು ತಂದಿದ್ದರಿಂದ ಏಕರೂಪತೆ ಪೂರ್ಣವಾಗಲಿಲ್ಲ.

2014ರಲ್ಲಿ ಯುಎಸ್‌ಬಿ ಟೈಪ್-ಸಿ ಪಿನ್ನಿನ ವಿವರಣೆಯು ಪ್ರಕಟವಾಯಿತು. 24 ಸಂಪರ್ಕ ಬಿಂದುಗಳುಳ್ಳ ಈ ಪಿನ್ನನ್ನು ಯಾವ ಮಗ್ಗುಲಿನಿಂದಲೂ ಜೋಡಿಸಬಹುದು. ಯುರೋಪಿಯನ್ ಒಕ್ಕೂಟವು 2022ರಲ್ಲಿ ಇದನ್ನು ಕಾನೂನಿನ ಮೂಲಕ ಕಡ್ಡಾಯಗೊಳಿಸಿತು. ಫೋನು, ಟ್ಯಾಬ್ಲೆಟ್, ಕ್ಯಾಮೆರಾ, ಇಯರ್‌ಫೋನ್ ಮುಂತಾದವುಗಳಿಗೆ 2024ರ ಡಿಸೆಂಬರ್ 28ರಿಂದ ಈ ನಿಯಮವು ಅನ್ವಯವಾಯಿತು. ಲ್ಯಾಪ್‌ಟಾಪ್‌ಗಳಿಗೆ 2026ರ ಏಪ್ರಿಲ್ 28ನ್ನು ನಿಗದಿಪಡಿಸಲಾಯಿತು. ಇದರ ಪರಿಣಾಮವಾಗಿ ಆಪಲ್ ಕಂಪನಿಯೂ 2023ರ ಸೆಪ್ಟೆಂಬರಿನಲ್ಲಿ ಐಫೋನ್ 15ರೊಂದಿಗೆ ಟೈಪ್-ಸಿಗೆ ಬಂದಿತು. 2025ರ ಫೆಬ್ರವರಿಯಲ್ಲಿ ಐಫೋನ್ 14 ಮತ್ತು ಹಳೆಯ ಎಸ್‌ಇ ಮಾದರಿಗಳನ್ನು ಹಿಂತೆಗೆದುಕೊಂಡಾಗ, ಲೈಟ್ನಿಂಗ್ ಪಿನ್ನಿನ ಹೊಸ ಐಫೋನು ಕಂಪನಿಯ ಪಟ್ಟಿಯಿಂದಲೇ ಮರೆಯಾಯಿತು.

ನಮ್ಮ ದೇಶದಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ನವೆಂಬರಿನಲ್ಲಿ ಉದ್ಯಮದ ಪ್ರತಿನಿಧಿಗಳ ಸಭೆ ನಡೆಸಿ, ಸ್ಮಾರ್ಟ್‌ಫೋನ್, ಟ್ಯಾಬ್ಲೆಟ್ ಹಾಗೂ ಲ್ಯಾಪ್‌ಟಾಪ್‌ಗಳಿಗೆ ಟೈಪ್-ಸಿ ಅಳವಡಿಸುವ ಬಗ್ಗೆ ಸಹಮತ ಪಡೆಯಿತು. ಭಾರತೀಯ ಮಾನಕ ಬ್ಯೂರೋ ಐಎಸ್/ಐಇಸಿ 62680-1-3:2022 ಎಂಬ ಮಾನಕವನ್ನು ಹೊರತಂದಿರುವುದನ್ನು ಸರಕಾರವು 2023ರ ಜನವರಿಯಲ್ಲಿ ಪ್ರಕಟಿಸಿತು. ಆ ಸಭೆಯಲ್ಲಿ ಅಗ್ಗದ ಕೀಪ್ಯಾಡ್ ಫೋನುಗಳಿಗೆ ಪ್ರತ್ಯೇಕ ಚಾರ್ಜರ್ ಇರಬಹುದೆಂಬ ಮಾತೂ ಬಂದಿತ್ತು. ನಮ್ಮ ಗ್ರಾಮೀಣ ಪೇಟೆಯ ದೃಷ್ಟಿಯಿಂದ ಇದು ಮಹತ್ವದ ಅಂಶ.

ಆಕಾರ ಒಂದೇ, ಸಾಮರ್ಥ್ಯ ಬೇರೆ ಬೇರೆ

ಪಿನ್ ಒಂದಾದ ಮಾತ್ರಕ್ಕೆ ಒಂದೇ ಕೇಬಲ್ ಎಲ್ಲದಕ್ಕೂ ನಡೆಯುತ್ತದೆಂದು ತಿಳಿಯುವುದು ಸರಿಯಲ್ಲ. ಹೊರನೋಟಕ್ಕೆ ಒಂದೇ ರೀತಿ ಕಾಣುವ ಎರಡು ಟೈಪ್-ಸಿ ಕೇಬಲ್‌ಗಳಲ್ಲಿ ಒಂದು 60 ವ್ಯಾಟ್ ಸಾಗಿಸಬಲ್ಲದು, ಇನ್ನೊಂದು 240 ವ್ಯಾಟ್ ಸಾಗಿಸಬಲ್ಲದು.

ಇದರ ಲೆಕ್ಕ ಸರಳವಾಗಿದೆ. ವೋಲ್ಟೇಜನ್ನು ಆಂಪಿಯರ್‌ನಿಂದ ಗುಣಿಸಿದರೆ ವ್ಯಾಟ್ ದೊರೆಯುತ್ತದೆ. ಎರಡೂ ತುದಿಗೆ ಟೈಪ್-ಸಿ ಇರುವ ಸಾಧಾರಣ ಕೇಬಲ್ 3 ಆಂಪಿಯರ್ ಸಾಗಿಸುತ್ತದೆ. 20 ವೋಲ್ಟಿನಲ್ಲಿ ಅದು 60 ವ್ಯಾಟ್. 5 ಆಂಪಿಯರ್ ಸಾಗಿಸಬೇಕಾದರೆ ಕೇಬಲ್ಲಿನ ತುದಿಯೊಳಗೆ ಸಣ್ಣ ಚಿಪ್ ಒಂದು ಇರಲೇಬೇಕು. ‘ನಾನು 5 ಆಂಪಿಯರ್ ತಡೆದುಕೊಳ್ಳಬಲ್ಲೆ’ ಎಂದು ಆ ಚಿಪ್ ಚಾರ್ಜರಿಗೆ ತಿಳಿಸುತ್ತದೆ. ಪವರ್ ಡೆಲಿವರಿ ಎಂಬ ವ್ಯವಸ್ಥೆಯ 2021ರ ಆವೃತ್ತಿಯಲ್ಲಿ ಗರಿಷ್ಠ ಮಿತಿಯನ್ನು 48 ವೋಲ್ಟ್, 5 ಆಂಪಿಯರ್, ಅಂದರೆ 240 ವ್ಯಾಟ್‌ಗೆ ಏರಿಸಲಾಯಿತು.

ಈ ಪವರ್ ಡೆಲಿವರಿ ವ್ಯವಸ್ಥೆಯಲ್ಲಿ ಚಾರ್ಜರ್ ಹಾಗೂ ಫೋನುಗಳ ನಡುವೆ ಮೊದಲು ಮಾತುಕತೆ ನಡೆಯುತ್ತದೆ. ಚಾರ್ಜರ್ ತಾನು ಕೊಡಬಲ್ಲ ವೋಲ್ಟೇಜುಗಳ ಪಟ್ಟಿಯನ್ನು ಮುಂದಿಡುತ್ತದೆ, ಫೋನು ತನಗೆ ಬೇಕಾದುದನ್ನು ಆರಿಸುತ್ತದೆ. ಒಪ್ಪಂದವಾಗದಿದ್ದಲ್ಲಿ 5 ವೋಲ್ಟಿನ ಸಾಧಾರಣ ಚಾರ್ಜಿಂಗ್ ಮಾತ್ರ ನಡೆಯುತ್ತದೆ. ಆದಕಾರಣ 65 ವ್ಯಾಟಿನ ಉತ್ತಮ ಚಾರ್ಜರನ್ನು ಸಣ್ಣ ಫೋನಿಗೆ ಜೋಡಿಸಿದರೆ ಫೋನು ಸುಟ್ಟುಹೋಗುತ್ತದೆ ಎಂಬ ಗಿರಾಕಿಗಳ ಭಯಕ್ಕೆ ಆಧಾರವಿಲ್ಲ. ಫೋನು ತನಗೆ ಬೇಕಾದಷ್ಟನ್ನೇ ಸೆಳೆದುಕೊಳ್ಳುತ್ತದೆ. ಅಪಾಯವಿರುವುದು ಕಳಪೆ ತಯಾರಿಕೆಯಲ್ಲಿ.

ಇದಕ್ಕೆ ಪ್ರಸಿದ್ಧ ಉದಾಹರಣೆಯೊಂದಿದೆ. ಗೂಗಲ್ ಕಂಪನಿಯ ಎಂಜಿನಿಯರ್ ಬೆನ್ಸನ್ ಲೆಯುಂಗ್ ಅವರು 2015ರಿಂದ ಆನ್‌ಲೈನ್ ಪೇಟೆಯಲ್ಲಿ ಮಾರಾಟವಾಗುತ್ತಿದ್ದ ಟೈಪ್-ಸಿ ಕೇಬಲ್‌ಗಳನ್ನು ಒಂದೊಂದಾಗಿ ಪರೀಕ್ಷಿಸತೊಡಗಿದರು. ಹಲವು ಕೇಬಲ್‌ಗಳಲ್ಲಿ 56 ಕಿಲೋ ಓಮ್ ಇರಬೇಕಾದ ರೆಸಿಸ್ಟರ್ ಬದಲು ತಪ್ಪು ಬೆಲೆಯ ರೆಸಿಸ್ಟರ್ ಇದ್ದುದು ಕಂಡುಬಂತು. ಇದರಿಂದ ಹಳೆಯ ಚಾರ್ಜರಿನ ಶಕ್ತಿಗೆ ಮೀರಿದ ವಿದ್ಯುತ್ತನ್ನು ಫೋನು ಸೆಳೆಯುವ ಸಂಭವವಿತ್ತು. 2016ರಲ್ಲಿ ತಂತಿಗಳನ್ನೇ ಅದಲುಬದಲಾಗಿ ಬೆಸೆದಿದ್ದ ಕೇಬಲ್ ಒಂದು ಅವರ ಲ್ಯಾಪ್‌ಟಾಪನ್ನೇ ಹಾಳುಮಾಡಿತು. ಅದೇ ವರ್ಷ ಅಮೆಜಾನ್ ಸಂಸ್ಥೆಯು ಮಾನಕಕ್ಕೆ ಹೊಂದದ ಟೈಪ್-ಸಿ ಕೇಬಲ್‌ಗಳ ಮಾರಾಟವನ್ನು ನಿಷೇಧಿಸಿತು. ಕೆಲವು ಪೈಸೆಗಳ ಬಿಡಿಭಾಗದಲ್ಲಿ ಮಾಡಿದ ಉಳಿತಾಯವು ಸಾವಿರಾರು ರೂಪಾಯಿಗಳ ಉಪಕರಣವನ್ನು ಬಲಿ ತೆಗೆದುಕೊಳ್ಳಬಲ್ಲದು ಎಂಬುದಕ್ಕೆ ಇದೇ ಸಾಕ್ಷಿ.

ಗಿರಾಕಿಗಳ ಮೂರು ದೂರುಗಳು

ಟೈಪ್-ಸಿ ಬಂದ ಮೇಲೆ ಅಂಗಡಿಗೆ ಬರುವ ದೂರುಗಳಲ್ಲಿ ಮೂರು ಸಾಮಾನ್ಯವಾಗಿವೆ. ಮೂರರಲ್ಲಿಯೂ ಮಾಲು ಕೆಟ್ಟಿರಲೇಬೇಕೆಂದಿಲ್ಲ. ಕಾರಣವನ್ನು ತಿಳಿಸಿ ಹೇಳಬಲ್ಲ ವರ್ತಕನಿಗೆ ಮಾಲು ಹಿಂತಿರುಗಿ ಬರುವ ನಷ್ಟ ತಪ್ಪುತ್ತದೆ.

ಮೊದಲನೆಯದು, ‘ಹೊಸ ಚಾರ್ಜರಿನಿಂದ ಬ್ಯಾಟರಿ ಅಥವಾ ಟ್ರಿಮ್ಮರ್ ಚಾರ್ಜ್ ಆಗುತ್ತಿಲ್ಲ’ ಎಂಬುದು. ಟೈಪ್-ಸಿ ಚಾರ್ಜರ್ ಎದುರಿಗೆ ಉಪಕರಣವಿದೆಯೆಂದು ಖಚಿತವಾಗುವವರೆಗೆ ವಿದ್ಯುತ್ ಬಿಡುವುದಿಲ್ಲ. ಉಪಕರಣದೊಳಗಿನ 5.1 ಕಿಲೋ ಓಮ್ ಬೆಲೆಯ ಎರಡು ರೆಸಿಸ್ಟರ್‌ಗಳಿಂದ ಅದಕ್ಕೆ ಈ ಖಚಿತತೆ ಸಿಗುತ್ತದೆ. ಕೆಲವು ಅಗ್ಗದ ಉಪಕರಣಗಳಲ್ಲಿ ಈ ರೆಸಿಸ್ಟರ್‌ಗಳನ್ನು ಹಾಕಿರುವುದಿಲ್ಲ. ಅಂಥವುಗಳಿಗೆ ಒಂದು ತುದಿಗೆ ಹಳೆಯ ಚಪ್ಪಟೆ ಯುಎಸ್‌ಬಿ ಇರುವ ಕೇಬಲನ್ನೇ ಕೊಡಬೇಕು. ಹೀಗಾಗಿ ಆ ಬಗೆಯ ಕೇಬಲ್ಲಿಗೆ ಇನ್ನೂ ಕೆಲವು ವರ್ಷ ಬೇಡಿಕೆ ಇರುತ್ತದೆಂದು ಭಾವಿಸಬಹುದು.

ಎರಡನೆಯದು, ‘ಹೆಚ್ಚಿನ ಬೆಲೆ ಕೊಟ್ಟು ಒಯ್ದರೂ ಫೋನು ನಿಧಾನವಾಗಿ ಚಾರ್ಜ್ ಆಗುತ್ತದೆ’ ಎಂಬುದು. ಒಪ್ಪೋ, ಒನ್‌ಪ್ಲಸ್, ಶಿಯೋಮಿ ಮುಂತಾದ ಕಂಪನಿಗಳು ತಮ್ಮದೇ ಆದ ಅತಿವೇಗದ ಚಾರ್ಜಿಂಗ್ ವಿಧಾನಗಳನ್ನು ಬಳಸುತ್ತವೆ. ಇಂಥ ಫೋನನ್ನು ಬೇರೆ ಕಂಪನಿಯ ಪವರ್ ಡೆಲಿವರಿ ಚಾರ್ಜರಿಗೆ ಜೋಡಿಸಿದಾಗ ಅದು ಪೆಟ್ಟಿಗೆಯ ಮೇಲೆ ಬರೆದ ಪೂರ್ಣ ವೇಗವನ್ನು ಮುಟ್ಟದಿರಬಹುದು. ಮಾರಾಟದ ಮೊದಲೇ ಫೋನಿನ ಮಾದರಿಯನ್ನು ಕೇಳಿಕೊಳ್ಳುವುದು ಇದಕ್ಕೆ ಪರಿಹಾರ.

ಮೂರನೆಯದು, ‘100 ವ್ಯಾಟಿನ ಚಾರ್ಜರ್ ಕೊಂಡರೂ ಲ್ಯಾಪ್‌ಟಾಪಿಗೆ ಅಷ್ಟು ಸಿಗುತ್ತಿಲ್ಲ’ ಎಂಬುದು. ಚಿಪ್ ಇಲ್ಲದ ಕೇಬಲ್ ಬಳಸಿದರೆ ಚಾರ್ಜರ್ ತಾನಾಗಿಯೇ 60 ವ್ಯಾಟಿಗೆ ಸೀಮಿತಗೊಳ್ಳುತ್ತದೆ. ಚಾರ್ಜರಿನ ಜೊತೆಗೆ ತಕ್ಕ ಕೇಬಲನ್ನೂ ಮಾರುವುದು ವರ್ತಕನಿಗೂ ಗಿರಾಕಿಗೂ ಹಿತಕರ.

ಚಾರ್ಜರ್ ವ್ಯಾಪಾರಕ್ಕೆ ಇನ್ನೊಂದು ಕಾರಣದಿಂದಲೂ ಬಲ ಬಂದಿದೆ. ಆಪಲ್ ಕಂಪನಿಯು 2020ರ ಅಕ್ಟೋಬರಿನಿಂದಲೂ, ಸ್ಯಾಮ್‌ಸಂಗ್ ಕಂಪನಿಯು 2021ರ ಜನವರಿಯಲ್ಲಿ ತಂದ ಮೇಲ್ದರ್ಜೆಯ ಮಾದರಿಗಳಿಂದಲೂ ಪೆಟ್ಟಿಗೆಯಲ್ಲಿ ಚಾರ್ಜರ್ ಕೊಡುವುದನ್ನು ನಿಲ್ಲಿಸಿದವು. ಇಂಥ ಫೋನಿನ ಗಿರಾಕಿಗೆ ಚಾರ್ಜರನ್ನು ಪ್ರತ್ಯೇಕವಾಗಿ ಕೊಳ್ಳದೆ ಗತ್ಯಂತರವಿಲ್ಲ. ಗ್ಯಾಲಿಯಂ ನೈಟ್ರೈಡ್ ಬಳಸಿ ತಯಾರಿಸಿದ ಚಾರ್ಜರ್‌ಗಳು ಅದೇ ಶಕ್ತಿಯನ್ನು ಚಿಕ್ಕ ಗಾತ್ರದಲ್ಲಿ, ಕಡಿಮೆ ಉಷ್ಣದೊಂದಿಗೆ ಕೊಡುವುದರಿಂದ, ಫೋನಿಗೂ ಲ್ಯಾಪ್‌ಟಾಪಿಗೂ ಒಂದೇ ಚಾರ್ಜರ್ ಬಯಸುವ ವಿದ್ಯಾರ್ಥಿಗಳು ಹಾಗೂ ನೌಕರರು ಇವುಗಳತ್ತ ವಾಲುವುದು ಸಹಜ.

ನಿಸ್ತಂತು ಚಾರ್ಜಿಂಗ್

ತಂತಿಯಿಲ್ಲದ ಚಾರ್ಜಿಂಗ್‌ನ ತತ್ವ ಹೊಸದಲ್ಲ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯೇ ಅದರ ಮೂಲ. ಕೆಳಗಿನ ಫಲಕದ ಸುರುಳಿಯಲ್ಲಿ ಪರ್ಯಾಯ ವಿದ್ಯುತ್ ಹರಿದಾಗ ಫೋನಿನೊಳಗಿನ ಸುರುಳಿಯಲ್ಲಿ ವಿದ್ಯುತ್ ಪ್ರೇರಿತವಾಗುತ್ತದೆ. ಇದಕ್ಕಾಗಿ 2008ರಲ್ಲಿ ವೈರ್‌ಲೆಸ್ ಪವರ್ ಕನ್ಸಾರ್ಷಿಯಂ ಎಂಬ ಉದ್ಯಮಗಳ ಒಕ್ಕೂಟ ಸ್ಥಾಪನೆಯಾಗಿ, ‘ಚೀ’ ಎಂದು ಉಚ್ಚರಿಸಲಾಗುವ ಮಾನಕವನ್ನು ರೂಪಿಸಿತು. 2017ರಲ್ಲಿ ಐಫೋನ್ 8 ಮತ್ತು ಹತ್ತನೆಯ ಮಾದರಿಗಳು ಈ ಮಾನಕವನ್ನು ಅಳವಡಿಸಿಕೊಂಡ ಬಳಿಕ ಪ್ರತಿಸ್ಪರ್ಧಿ ವಿಧಾನಗಳು ಹಿಂದೆ ಸರಿದವು.

ಈ ವಿಧಾನದ ಮುಖ್ಯ ದೋಷವೆಂದರೆ ಸುರುಳಿಗಳು ಸರಿಯಾಗಿ ಎದುರುಬದುರಾಗದಿದ್ದರೆ ಶಕ್ತಿಯ ಗಣನೀಯ ಭಾಗವು ಉಷ್ಣವಾಗಿ ವ್ಯರ್ಥವಾಗುವುದು. ಆಪಲ್ ಕಂಪನಿಯು 2020ರಲ್ಲಿ ಅಯಸ್ಕಾಂತದ ಉಂಗುರವನ್ನು ಅಳವಡಿಸಿ ಇದಕ್ಕೆ ಪರಿಹಾರ ಕಂಡುಕೊಂಡಿತು. ಅದೇ ತತ್ವವನ್ನು ಎಲ್ಲ ಕಂಪನಿಗಳಿಗೂ ಮುಕ್ತಗೊಳಿಸಿದ ‘ಚೀ 2’ ಮಾನಕವು 2023ರಲ್ಲಿ 15 ವ್ಯಾಟ್ ಸಾಮರ್ಥ್ಯದೊಂದಿಗೆ ಬಂದಿತು. 2025ರಲ್ಲಿ ಅದರ 25 ವ್ಯಾಟಿನ ಆವೃತ್ತಿಯೂ ಪ್ರಕಟವಾಯಿತು. ಅದೇ ವರ್ಷದ ಗೂಗಲ್ ಪಿಕ್ಸೆಲ್ 10 ಫೋನುಗಳು ಅಯಸ್ಕಾಂತವನ್ನು ಒಳಗೊಂಡೇ ಬಂದವು.

ನಮ್ಮ ಭಾಗದ ವರ್ತಕರು ಇದರಲ್ಲಿ ಎಷ್ಟು ಹಣ ಹೂಡಬೇಕು ಎಂಬುದೇ ಪ್ರಶ್ನೆ. ನಿಸ್ತಂತು ಚಾರ್ಜಿಂಗ್ ಸೌಲಭ್ಯವು ಈಗಲೂ ಬಹುತೇಕ ದುಬಾರಿ ಫೋನುಗಳಲ್ಲಿ ಮಾತ್ರ ಇದೆ. ಆದ್ದರಿಂದ ನಗರದ ಮುಖ್ಯ ಪೇಟೆಯಲ್ಲಿ ಇದಕ್ಕೆ ಗಿರಾಕಿ ಸಿಗಬಹುದಾದರೂ, ಖಾಸಬಾಗದಂಥ ಬಡಾವಣೆಯ ಅಂಗಡಿಯಲ್ಲಿ ಅಥವಾ ಖಾನಾಪುರದ ಪೇಟೆಯಲ್ಲಿ ಮಾದರಿಗೆಂದು ಒಂದೆರಡನ್ನು ಇಟ್ಟುಕೊಂಡು, ಬೇಡಿಕೆ ಬಂದಂತೆ ತರಿಸಿಕೊಡುವುದೇ ವಿವೇಕ. ಕೊಳ್ಳುವಾಗ ಅಯಸ್ಕಾಂತವಿಲ್ಲದ ಹಳೆಯ ಫಲಕಗಳನ್ನು ಅಗ್ಗವೆಂದು ಹೆಚ್ಚು ತುಂಬಬಾರದು. ಬೇಗ ಹಳತಾಗುವ ಸರಕು ಅದೇ. ಫಲಕದ ಜೊತೆಗೆ ಸಾಕಷ್ಟು ಶಕ್ತಿಯ ಅಡಾಪ್ಟರ್ ಇಲ್ಲದಿದ್ದರೆ ಹೇಳಿದ ವೇಗ ಸಿಗುವುದಿಲ್ಲ ಎಂಬುದನ್ನೂ ಗಿರಾಕಿಗೆ ತಿಳಿಸಬೇಕು.

ಕಾನೂನಿನ ಹೊಣೆ

ಚಾರ್ಜರ್ ಕೇವಲ ಬಿಡಿ ಸಾಮಗ್ರಿಯಲ್ಲ; ಅದು 230 ವೋಲ್ಟಿನ ಮನೆಯ ವಿದ್ಯುತ್ತಿಗೂ ಗಿರಾಕಿಯ ಕೈಗೂ ನಡುವೆ ಇರುವ ಏಕೈಕ ರಕ್ಷಣೆ. ಈ ಕಾರಣದಿಂದಲೇ ಕೇಂದ್ರ ಸರಕಾರವು 2012ರ ಆದೇಶದ 2014ರ ವಿಸ್ತರಣೆಯ ಮೂಲಕ ಅಡಾಪ್ಟರ್‌ಗಳನ್ನೂ, ಮೊಬೈಲ್ ಫೋನು ಹಾಗೂ ಪವರ್ ಬ್ಯಾಂಕ್‌ಗಳನ್ನೂ ಕಡ್ಡಾಯ ನೋಂದಣಿಗೆ ಒಳಪಡಿಸಿತು. ನೋಂದಾಯಿತ ಮಾಲಿನ ಮೇಲೆ ಮಾನಕದ ಚಿಹ್ನೆ, ಐಎಸ್ ಸಂಖ್ಯೆ ಹಾಗೂ ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರಬೇಕು. ಈ ಸಂಖ್ಯೆಯನ್ನು ಬ್ಯೂರೋದ ‘ಬಿಐಎಸ್ ಕೇರ್’ ಮೊಬೈಲ್ ಆ್ಯಪ್‌ನಲ್ಲಿ ಹಾಕಿದರೆ ತಯಾರಕನ ಹೆಸರು ಹಾಗೂ ಬ್ರ್ಯಾಂಡ್ ತೋರುತ್ತವೆ. ಪೆಟ್ಟಿಗೆಯ ಮೇಲಿನ ಬ್ರ್ಯಾಂಡಿಗೂ ಆ್ಯಪ್ ತೋರಿಸುವ ಬ್ರ್ಯಾಂಡಿಗೂ ತಾಳೆಯಾಗದಿದ್ದಲ್ಲಿ ಆ ಮಾಲನ್ನು ಕೊಳ್ಳದಿರುವುದೇ ಲೇಸು.

2016ರ ಭಾರತೀಯ ಮಾನಕ ಬ್ಯೂರೋ ಕಾಯ್ದೆಯು ಕಡ್ಡಾಯ ಚಿಹ್ನೆಯಿಲ್ಲದ ಸರಕಿನ ತಯಾರಿಕೆಯನ್ನಷ್ಟೇ ಅಲ್ಲ, ಮಾರಾಟವನ್ನೂ ಸಂಗ್ರಹವನ್ನೂ ನಿಷೇಧಿಸುತ್ತದೆ. ಮೊದಲ ಬಾರಿಯ ಉಲ್ಲಂಘನೆಗೆ 2 ಲಕ್ಷ ರೂಪಾಯಿಗಳಿಗೆ ಕಡಿಮೆಯಿಲ್ಲದ ದಂಡ ಅಥವಾ ಎರಡು ವರ್ಷಗಳವರೆಗಿನ ಸೆರೆವಾಸವನ್ನು ಆ ಕಾಯ್ದೆಯಲ್ಲಿ ವಿಧಿಸಲಾಯಿತು. ನೂರಿನ್ನೂರು ರೂಪಾಯಿಗಳ ಚಾರ್ಜರಿನಲ್ಲಿ ಬರುವ ಲಾಭಕ್ಕೂ ಈ ದಂಡಕ್ಕೂ ಇರುವ ಅಂತರವನ್ನು ವರ್ತಕರು ಮನಗಾಣಬೇಕು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಒಂದು ಅಂಶವು ಇದಕ್ಕಿಂತಲೂ ಹೆಚ್ಚು ಗಮನಾರ್ಹವಾಗಿದೆ. ದೋಷಯುಕ್ತ ಸರಕಿನಿಂದ ಗ್ರಾಹಕನಿಗೆ ಹಾನಿಯಾದಾಗ, ತಯಾರಕನು ಯಾರೆಂದು ತಿಳಿಯದಿದ್ದರೆ ಅಥವಾ ಅವನಿಗೆ ನೋಟಿಸು ತಲುಪಿಸಲು ಸಾಧ್ಯವಾಗದಿದ್ದರೆ, ಮಾರಿದವನೇ ಹೊಣೆಗಾರನಾಗುತ್ತಾನೆ. ಅಂದರೆ ಹೆಸರು ವಿಳಾಸವಿಲ್ಲದ ಚಾರ್ಜರನ್ನು ಮಾರಿದ ಅಂಗಡಿಕಾರನು ಕಾನೂನಿನ ಕಣ್ಣಿನಲ್ಲಿ ತಯಾರಕನ ಸ್ಥಾನದಲ್ಲಿ ನಿಲ್ಲಬೇಕಾಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದಾಗಲಿ ಮುಂಬಯಿಯಿಂದಾಗಲಿ ಮಾಲು ತರುವವರು ಬ್ರ್ಯಾಂಡು ಹಾಗೂ ಮಾದರಿ ಸಂಖ್ಯೆಯನ್ನು ನಮೂದಿಸಿದ ಜಿಎಸ್‌ಟಿ ಬಿಲ್ಲನ್ನು ತಪ್ಪದೆ ಪಡೆಯಬೇಕು. ಪೊಟ್ಟಣದ ಮೇಲೆ ತಯಾರಕ ಅಥವಾ ಆಮದುದಾರನ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ ಹಾಗೂ ಆಮದಾದ ಸರಕಾಗಿದ್ದರೆ ಮೂಲ ದೇಶದ ಹೆಸರು ಇರುವುದನ್ನು ನೋಡಿಕೊಳ್ಳಬೇಕು.

ದಾಸ್ತಾನಿನ ಲೆಕ್ಕ

ಉದಾಹರಣೆಗಾಗಿ, ಒಂದು ಅಂಗಡಿಯಲ್ಲಿ ತಲಾ 50 ರೂಪಾಯಿ ಅಸಲಿನ 300 ಮೈಕ್ರೋ ಯುಎಸ್‌ಬಿ ಕೇಬಲ್‌ಗಳಿವೆ ಎಂದಿಟ್ಟುಕೊಳ್ಳೋಣ. ತಿಂಗಳಿಗೆ 25 ಮಾರಾಟವಾದರೆ ಈ ಮಾಲು ತೀರಲು 12 ತಿಂಗಳು ಬೇಕು. ಬೇಡಿಕೆಯು ನಡುವೆಯೇ ಅರ್ಧಕ್ಕೆ ಇಳಿದರೆ ಅವಧಿಯು ಒಂದೂವರೆ ವರ್ಷಕ್ಕೆ ಏರುತ್ತದೆ. ಅಷ್ಟರಲ್ಲಿ 15,000 ರೂಪಾಯಿಗಳಲ್ಲಿ ಸಾಕಷ್ಟು ಭಾಗವು ಕಪಾಟಿನಲ್ಲಿಯೇ ಕುಳಿತಿರುತ್ತದೆ. ಅದೇ ಹಣವನ್ನು ಎರಡು ತಿಂಗಳಿಗೊಮ್ಮೆ ತಿರುಗುವ ಟೈಪ್-ಸಿ ಮಾಲಿನಲ್ಲಿ ತೊಡಗಿಸಿದ್ದರೆ ವರ್ಷಕ್ಕೆ ಆರು ಬಾರಿ ಲಾಭ ಬರುತ್ತಿತ್ತು.

ಹಾಗೆಂದು ಹಳೆಯ ಪಿನ್ನನ್ನು ಒಮ್ಮೆಲೇ ಕೈಬಿಡುವುದೂ ತರವಲ್ಲ. ಕೀಪ್ಯಾಡ್ ಫೋನು, ಬ್ಲೂಟೂತ್ ಸ್ಪೀಕರ್, ಬ್ಯಾಟರಿ ಮುಂತಾದವುಗಳಿಗಾಗಿ ಹಳ್ಳಿಗಳ ಗಿರಾಕಿಯು ಅದನ್ನು ಇನ್ನೂ ಕೇಳುತ್ತಾನೆ. ಲೈಟ್ನಿಂಗ್ ಪಿನ್ನಿನ ಹಳೆಯ ಐಫೋನುಗಳೂ ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಕೆಲಕಾಲ ಓಡಾಡುತ್ತವೆ. ಯಾವ ಪಿನ್ನಿನ ಮಾಲು ಎಷ್ಟಿರಬೇಕು ಎಂಬುದಕ್ಕೆ ಬೇರೆ ಊರಿನ ಅಂಕಿಸಂಖ್ಯೆಗಳು ಬೇಕಿಲ್ಲ. ರಿಪೇರಿಗೆ ಬರುವ ಫೋನುಗಳ ಪಿನ್ ಯಾವುದೆಂದು ಮೂರು ತಿಂಗಳು ವಹಿಯಲ್ಲಿ ಬರೆದಿಟ್ಟರೆ ತಮ್ಮ ಓಣಿಯ ನಿಜವಾದ ಬೇಡಿಕೆ ತಾನಾಗಿಯೇ ತಿಳಿಯುತ್ತದೆ. ಹಳೆಯ ಪಿನ್ನಿನ ಮಾಲನ್ನು ಎರಡು ತಿಂಗಳ ಮಾರಾಟಕ್ಕಿಂತ ಹೆಚ್ಚು ಇಡದಿರುವುದು, ಟೈಪ್-ಸಿ ಮಾಲನ್ನು 60 ಹಾಗೂ 240 ವ್ಯಾಟಿನ ಪ್ರತ್ಯೇಕ ಖಾನೆಗಳಲ್ಲಿ ಇಡುವುದು, ಸಗಟು ವ್ಯಾಪಾರಿಯೊಂದಿಗೆ ಮಾಲು ಬದಲಿಸಿಕೊಡುವ ಕರಾರನ್ನು ಮೊದಲೇ ಮಾಡಿಕೊಳ್ಳುವುದು ಉಚಿತ ಕ್ರಮಗಳಾಗಿವೆ.

ಸಣ್ಣ ಕೈಗಾರಿಕೆಗಳಿಗೆ ಇರುವ ಅವಕಾಶ

ದೇಶದಲ್ಲಿ ಚಾರ್ಜರ್ ತಯಾರಿಕೆಯು ದೊಡ್ಡ ಪ್ರಮಾಣದಲ್ಲಿ ಬೆಳೆದಿದೆ. 2017ರಲ್ಲಿ ಪ್ರಕಟವಾದ ಹಂತಹಂತದ ಉತ್ಪಾದನಾ ಕಾರ್ಯಕ್ರಮದಲ್ಲಿ ಚಾರ್ಜರ್ ಮೊದಲ ಸರಕುಗಳಲ್ಲಿ ಒಂದಾಗಿತ್ತು. ತಮಿಳುನಾಡಿನ ಶ್ರೀಪೆರಂಬುದೂರಿನಲ್ಲಿ ನೋಕಿಯಾದ ಮುಚ್ಚಿದ ಕಾರ್ಖಾನೆಯನ್ನು ಸಾಲ್‌ಕಾಂಪ್ ಕಂಪನಿಯು ಪಡೆದು ಚಾರ್ಜರ್ ತಯಾರಿಕೆಗೆ ಬಳಸಿತು. 2024ರ ಜುಲೈ ಮುಂಗಡಪತ್ರದಲ್ಲಿ ಚಾರ್ಜರುಗಳ ಮೂಲ ಆಮದು ಸುಂಕವನ್ನು ಶೇ. 20ರಿಂದ ಶೇ. 15ಕ್ಕೆ ಇಳಿಸಲಾಯಿತು. ಇಂಥ ದೊಡ್ಡ ಘಟಕಗಳೊಡನೆ ಹಾಗೂ ಆಮದಿನೊಡನೆ ದರದಲ್ಲಿ ಸ್ಪರ್ಧಿಸುವುದು ಸಣ್ಣ ಘಟಕಕ್ಕೆ ಸುಲಭಸಾಧ್ಯವಲ್ಲ. ಅಲ್ಲದೆ ನೋಂದಣಿಯನ್ನು ಪ್ರತಿ ಕಾರ್ಖಾನೆಗೂ ಪ್ರತ್ಯೇಕವಾಗಿ, ಪ್ರಯೋಗಾಲಯದ ಪರೀಕ್ಷಾ ವರದಿಯೊಂದಿಗೆ ಪಡೆಯಬೇಕು. ಬೇರೆಯವರ ಚಾರ್ಜರಿನ ಮೇಲೆ ತಮ್ಮ ಹೆಸರು ಮುದ್ರಿಸಿ ಮಾರಬಯಸುವ ವರ್ತಕರೂ ಆ ಬ್ರ್ಯಾಂಡು ತಯಾರಕನ ನೋಂದಣಿಯಲ್ಲಿ ಸೇರಿದೆಯೇ ಎಂದು ನೋಡಬೇಕು.

ಆದರೆ ಬೆಳಗಾವಿಯ ಬಲವಿರುವುದು ಬೇರೆಡೆಯಲ್ಲಿ. ಉದ್ಯಮಬಾಗ, ಮಚ್ಛೆ ಪ್ರದೇಶಗಳ ಘಟಕಗಳು ಎರಕ, ಯಂತ್ರಗೆಲಸ ಹಾಗೂ ಸಿಎನ್‌ಸಿ ಬಿಡಿಭಾಗಗಳಲ್ಲಿ ದಶಕಗಳ ಅನುಭವ ಹೊಂದಿವೆ. ಮೇಜಿನ ಮೇಲಿನ ಲೋಹದ ಸ್ಟ್ಯಾಂಡು, ವಾಹನದಲ್ಲಿ ಫೋನು ನಿಲ್ಲಿಸುವ ಹಿಡಿಕೆ, ಹೆಚ್ಚು ವ್ಯಾಟಿನ ಚಾರ್ಜರುಗಳಿಗೆ ಬೇಕಾದ ಉಷ್ಣ ಹೊರಹಾಕುವ ಅಲ್ಯುಮಿನಿಯಂ ಭಾಗಗಳು, ಪ್ಲಾಸ್ಟಿಕ್ ಅಚ್ಚುಗಳು, ಇವುಗಳಲ್ಲಿ ವಿದ್ಯುತ್ ಭಾಗವಿಲ್ಲದಿರುವುದರಿಂದ ಈ ಕೌಶಲವೇ ಸಾಕಾಗುತ್ತದೆ. ಲೋಹವು ಫಲಕ ಹಾಗೂ ಫೋನಿನ ನಡುವೆ ಬಂದರೆ ಕಾದುಹೋಗಿ ಚಾರ್ಜಿಂಗ್ ನಿಲ್ಲುತ್ತದೆಂಬುದನ್ನು ಮಾತ್ರ ವಿನ್ಯಾಸದಲ್ಲಿ ಲಕ್ಷಿಸಬೇಕು. ‘ಚೀ’ ಚಿಹ್ನೆಯನ್ನು ಒಕ್ಕೂಟದ ಪ್ರಮಾಣೀಕರಣವಿಲ್ಲದೆ ಮುದ್ರಿಸಬಾರದೆಂಬುದನ್ನೂ ನೆನಪಿಡಬೇಕು.

ಒಟ್ಟಿನಲ್ಲಿ ಪಿನ್ನಿನ ಏಕರೂಪತೆಯಿಂದ ವರ್ತಕನ ಕೆಲಸ ಹಗುರವಾಗಿಲ್ಲ, ಅದರ ಸ್ವರೂಪ ಬದಲಾಗಿದೆ. ಬರುವ ದಸರಾ, ದೀಪಾವಳಿಯ ಖರೀದಿಗೆ ಮುನ್ನ ಪ್ರತಿಯೊಬ್ಬ ವರ್ತಕರೂ ತಮ್ಮ ಕಪಾಟಿನ ಮಾಲನ್ನು ಪಿನ್, ವ್ಯಾಟ್ ಹಾಗೂ ನೋಂದಣಿ ಸಂಖ್ಯೆ ಎಂಬ ಮೂರು ಕಲಮುಗಳಲ್ಲಿ ಬರೆದು ನೋಡಿದಲ್ಲಿ, ಯಾವುದನ್ನು ಬೇಗನೆ ತೀರಿಸಬೇಕು, ಯಾವುದನ್ನು ತುಂಬಬೇಕು, ಯಾವುದನ್ನು ಅಂಗಡಿಯಲ್ಲಿ ಇಡಲೇಬಾರದು ಎಂಬುದು ಆ ಹಾಳೆಯಿಂದಲೇ ಸ್ಪಷ್ಟವಾಗುವುದು.